ಕರಿಗುಂಡಿಯ ಕಲ್ಲು

ಅಟೆಂಡರ್ ದುರುಗಪ್ಪ ಗಂಟೆ ಬಾರಿಸುವುದಕ್ಕೆ ಅವನದೇ ಒಂದು ರೀತಿ ಇತ್ತು. ಮೊದಲ ಏಟಿನ ಸದ್ದು ಪೂರ್ತಿ ಆರುವವರೆಗೆ ಕಾದು ಎರಡನೆಯದನ್ನು ಹೊಡೆಯುತ್ತಿದ್ದ. ಅವಸರದ ಹುಡುಗರು ಅಷ್ಟರಲ್ಲಿ ಅರ್ಧ ಮೆಟ್ಟಿಲು ಇಳಿದಿರುತ್ತಿದ್ದರು. ಕೊಟ್ಟೂರಿನ ಕಾಲೇಜಿನ ಹಿಂದಿನ ಓಣಿಯಲ್ಲಿ ಮನೆ ಮಾಡಿದ್ದ ಭೂವಿಜ್ಞಾನದ ಮೇಷ್ಟ್ರು ಪಾಲಾಕ್ಷಪ್ಪನಿಗೆ ನಾಲ್ಕು ವರ್ಷದಿಂದ ಈ ಗಂಟೆ ಕೇಳಿ ರೂಢಿ. ಆದರೆ ಹನ್ನೊಂದು ದಿನದಿಂದ, ಅಂದರೆ ಹಳೆಯ ಶಿಷ್ಯೆ ಪುಷ್ಪಲತಾಳ ಪತ್ರ ಕೈಸೇರಿದ ಮೇಲೆ, ಏಟುಗಳಿಗಿಂತ ನಡುವಿನ ಬಿಡುವೇ ಹೆಚ್ಚು ಕೇಳಿಸತೊಡಗಿತ್ತು. ಶನಿವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದವನು ಆ ಬಿಡುವಿನಲ್ಲಿ ಕೈ ನಿಲ್ಲಿಸಿದ. ಎರಡನೆಯ ಏಟು ಬಿತ್ತು. ಬ್ಲೇಡು ಗದ್ದದ ಕೆಳಗೆ ಒಂದಿಷ್ಟು ಕಚ್ಚಿತು. ಕನ್ನಡಿಯಲ್ಲಿ ಕಂಡ ರಕ್ತದ ಬಣ್ಣವನ್ನು ಅವನ ಮನಸ್ಸು ಅಭ್ಯಾಸಬಲದಿಂದ ಒಂದು ಖನಿಜದ ಹೆಸರಿನ ಪಕ್ಕಕ್ಕೆ ಇಟ್ಟು ನೋಡಿತು, ಹೋಲುವುದಿಲ್ಲ ಎಂದು ತೀರ್ಮಾನಿಸಿ ಎತ್ತಿಟ್ಟಿತು.

ಖನಿಜದ ಹೆಸರು ಸಾರ್ಕಿನೈಟ್. ಮ್ಯಾಂಗನೀಸ್ ಮತ್ತು ಆರ್ಸೆನಿಕ್ ಕೂಡಿ ಆದದ್ದು. ಹಸಿ ಮಾಂಸದ ಬಣ್ಣ. ಹೆಸರು ಬಂದದ್ದೂ ಮಾಂಸ ಎಂಬ ಅರ್ಥದ ಗ್ರೀಕ್ ಶಬ್ದದಿಂದಲೇ. ಸ್ವೀಡನ್ ದೇಶದ ಲೋಂಗ್‌ಬಾನ್ ಎಂಬ ಹಳೆಯ ಗಣಿ ಮತ್ತು ಅದರ ಆಸುಪಾಸು, ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಗುಡ್ಡ, ಯುರೋಪಿನ ಇನ್ನು ಕೆಲವು ಕಡೆ. ಇಷ್ಟು ಜಾಗಗಳ ಪಟ್ಟಿಗೆ ೧೯೯೨ರಲ್ಲಿ ಇನ್ನೊಂದು ಸೇರಿತು: ಕೂಡ್ಲಿಗಿ ತಾಲ್ಲೂಕು, ಕರಿಗುಂಡಿ. ಸೇರಿಸಿದವನು ಪಾಲಾಕ್ಷಪ್ಪ. ವಿಜ್ಞಾನ ಪತ್ರಿಕೆಯೊಂದರಲ್ಲಿ ಎರಡು ಪುಟದ ಟಿಪ್ಪಣಿ, ಒಂದು ಛಾಯಾಚಿತ್ರ, ಕೊನೆಯಲ್ಲಿ ನಾಲ್ವರಿಗೆ ಕೃತಜ್ಞತೆ. ಊರಿನಲ್ಲಿ ಶಾಲು ಹೊದಿಸಿದರು. ಅವ್ವ ಗುರುಬಸಮ್ಮ ಆ ದಿನ ಮುಂದಿನ ಸಾಲಿನಲ್ಲಿ ಕುಳಿತು, ಮನೆಗೆ ಬಂದ ಮೇಲೆ, "ಆ ಹೆಸರಿನ ಅರ್ಥ ಏನಪ್ಪ?" ಎಂದು ಕೇಳಿದಳು. ಲಿಂಗಪೂಜೆ ಮುಗಿಯದೆ ನೀರು ಮುಟ್ಟದ ಹೆಂಗಸು. "ಕೆಂಪು ಕಲ್ಲು ಅಂತ" ಎಂದು ಅವನು ಹೇಳಿದ. ಅದು ಆ ಕಲ್ಲಿನ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು, ತಿಳಿದು ಹೇಳಿದ್ದರಲ್ಲಿ. ಟಿಪ್ಪಣಿಯಲ್ಲಿ ಬರೆದದ್ದು ಆಗಿನ್ನೂ ಸುಳ್ಳೆಂದು ಅವನಿಗೆ ಗೊತ್ತಿರಲಿಲ್ಲ. ಈ ವ್ಯತ್ಯಾಸವನ್ನು ಅವನು ಎಷ್ಟೋ ಸಲ ತನಗೆ ತಾನೇ ವಿವರಿಸಿಕೊಂಡಿದ್ದ.

"ಆ ಹುಡುಗಿ ಊಟಕ್ಕ ಬರ್ತಾಳೇನು?" ಎಂದು ಅವ್ವ ಒಳಗಿನಿಂದ ಕೇಳಿದಳು.

"ಇಲ್ಲ. ಅಲ್ಲೇ ಗುಡ್ಡದಾಗ ಏನಾರ ತಿಂತೀವಿ."

"ಅಷ್ಟು ದೂರದಿಂದ ನಿನ್ನ ಕಲ್ಲು ನೋಡಾಕ ಬಂದಾಳ. ಗುಡ್ಡದಾಗ ಕೂಳು ಹಾಕ್ತಿಯೇನು?" ಎಂದು ಅವಳು ಬೈದುಕೊಂಡೇ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಒಂದು ಪೊಟ್ಟಣ ಒಗ್ಗರಣೆ ಮಂಡಕ್ಕಿ ಕಟ್ಟಿಕೊಟ್ಟಳು. ಬುತ್ತಿ ಹಗುರವಾಗಿತ್ತು. ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಆ ಕಲ್ಲು, ಕೆ-೧೪, ಕೂಡ ಇತ್ತು, ಅದು ಹಗುರವಾಗಿರಲಿಲ್ಲ.

ಪುಷ್ಪಲತಾ ಹರಪನಹಳ್ಳಿಯವಳು. ಎಂಬತ್ತಾರರಿಂದ ಎಂಬತ್ತೊಂಬತ್ತರವರೆಗೆ ಅವನ ಕೈಕೆಳಗೆ ಓದಿದವಳು. ಈಗ ನಾಗಪುರದ ಒಂದು ಖನಿಜ ಪ್ರಯೋಗಾಲಯದಲ್ಲಿ ಕೆಲಸ. ದೇಶದಲ್ಲಿ ಸಾರ್ಕಿನೈಟಿನಂಥ ಮ್ಯಾಂಗನೀಸ್ ಆರ್ಸೆನೇಟುಗಳು ಸಿಕ್ಕಿವೆ ಎಂದು ದಾಖಲಾದ ಜಾಗಗಳನ್ನೆಲ್ಲ ತಾನೇ ಹೋಗಿ ನೋಡಿ ಹೊಸ ಪಟ್ಟಿ ಮಾಡುತ್ತಿದ್ದೇನೆ, ರಜೆಗೆ ಊರಿಗೆ ಬರುವಾಗ ಕರಿಗುಂಡಿಯನ್ನೂ ಮುಗಿಸುತ್ತೇನೆ ಎಂದು ಬರೆದಿದ್ದಳು. 'ಸಾಧ್ಯವಾದರೆ ದುರುಗಣ್ಣನೂ ಬರಲಿ ಸರ್. ಕಲ್ಲು ಹುಡುಕುವ ಕಣ್ಣು ಅವರಿಗಿದ್ದಷ್ಟು ನಮ್ಮ ಯಾರಿಗೂ ಇರಲಿಲ್ಲ.' ದುರುಗಪ್ಪ ಈಗ ವಿಭಾಗದಲ್ಲಿ ಇಲ್ಲ, ಗಂಟೆ ಮತ್ತು ನೀರಿನ ಡ್ಯೂಟಿ ಎಂಬುದು ಅವಳಿಗೆ ಗೊತ್ತಿಲ್ಲ. ಯಾಕೆ ಇಲ್ಲ ಎಂಬುದು ಈ ಭೂಮಿಯ ಮೇಲೆ ಇಬ್ಬರಿಗೆ ಗೊತ್ತು, ಆ ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲ. ದುರುಗಪ್ಪನಿಗೆ ಬರುವ ಮೇ ತಿಂಗಳ ಕೊನೆಗೆ ನಿವೃತ್ತಿ. ಅಷ್ಟರವರೆಗೆ ಹೀಗೇ ಹೋದರೆ ಸಾಕು ಎಂದು ಪಾಲಾಕ್ಷಪ್ಪ ಅಂದುಕೊಂಡಿದ್ದ. ನಂತರ ಈ ಪತ್ರ.

ಜೀಪು ಒಂಬತ್ತೂವರೆಗೆ ಬಂತು. ಯರ್ರೆಪ್ಪನೆಂಬ ಹರಪನಹಳ್ಳಿಯ ಡ್ರೈವರು ಬಾಡಿಗೆಗೆ ತಂದದ್ದು. ಪುಷ್ಪಲತಾ ಇಳಿದು ಮೇಷ್ಟ್ರ ಕಾಲಿಗೆ ನಮಸ್ಕರಿಸಿ, ಕಾಲೇಜಿನ ಗೇಟಿನ ಬಳಿ ನಿಂತಿದ್ದ ದುರುಗಪ್ಪನ ಕಡೆ ನೋಡಿ ನಕ್ಕಳು.

"ಏನು ದುರುಗಣ್ಣ, ಕೂದಲೆಲ್ಲ ಬೆಳ್ಳಗಾಗೇತೆ."

"ಸುಣ್ಣದಕಲ್ಲು ಅಲ್ಲೇನವ್ವಾ, ಹಳೇ ಆದಷ್ಟು ಬಿಳುಪು. ನೀವ್ ಮಾತ್ರ ಹಂಗ ಅದೀರಿ ನೋಡ್ರಿ. ಕನ್ನಡಕ ಒಂದ ಹೆಚ್ಚಾಗೈತಿ."

"ಸುತ್ತಿಗೆ ತಂದೀರಾ?"

"ಈಗ ನನ್ನ ಸುತ್ತಿಗಿ ಅಂದ್ರ ಗಂಟಿ ಹೊಡಿಯೋದವ್ವಾ. ಅದನ್ನ ತಂದ್ರ ಇಲ್ಲಿ ಕ್ಲಾಸ್ ಬಿಡಂಗಿಲ್ಲ."

ಅವಳು ನಕ್ಕಳು. ಪಾಲಾಕ್ಷಪ್ಪನೂ ನಕ್ಕ, ಒಂದು ಕ್ಷಣ ತಡವಾಗಿ. ಆ ತಡವನ್ನು ದುರುಗಪ್ಪ ಗಮನಿಸಿದನೆಂದು ಅನ್ನಿಸಿತು, ಗಮನಿಸಲಿಲ್ಲವೆಂದೂ ಅನ್ನಿಸಿತು. ಪುಷ್ಪಲತಾ ಮುಂದೆ ಕೂತಳು. ಹಿಂದಿನ ಸೀಟಿನಲ್ಲಿ ಎದುರು ಬದುರು ಅವರಿಬ್ಬರು. ನಾಲ್ಕು ವರ್ಷದಲ್ಲಿ ಇಷ್ಟು ಹತ್ತಿರ ಕೂತದ್ದು ಇದೇ ಮೊದಲು. ಕೂಡ್ಲಿಗಿಯ ದಾರಿ ಕೆಟ್ಟಿತ್ತು. ಗುಂಡಿ ಬಂದಾಗಲೆಲ್ಲ ಇಬ್ಬರ ಮೊಣಕಾಲು ತಾಕುತ್ತಿದ್ದವು. ಪ್ರತಿ ಸಲವೂ ದುರುಗಪ್ಪ ತನ್ನ ಮೊಣಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ, ಮುಂದಿನ ಗುಂಡಿಗೆ ಅದು ತಾನಾಗಿ ಮುಂದೆ ಬಂದಿರುತ್ತಿತ್ತು. ಅವನ ಕೈಗಳು ತೊಡೆಯ ಮೇಲೆ ಮಲಗಿದ್ದವು. ಅಗಲವಾದ ಕೈಗಳು, ಬೆರಳುಗಳ ಸಂದಿನಲ್ಲಿ ನೀರಿನ ಕೆಲಸದ ಬಿರುಕು. ಕಲ್ಲನ್ನು ಎತ್ತಿ ಒಮ್ಮೆ ಮೇಲೆ ಕೆಳಗೆ ತೂಗಿ, "ಇದು ನಮ್ದಲ್ರಿ ಸರ" ಎನ್ನುತ್ತಿದ್ದ ಕೈಗಳು.

ಹಾಗೆ ಹೇಳಿದ್ದು ಶಾಲು ಹೊದಿಸಿದ ದಿನವೇ. ಸಭೆ ಮುಗಿದು ವಿಭಾಗದಲ್ಲಿ ನಾಲ್ಕಾರು ಜನ ಕಾಫಿ ಕುಡಿಯುತ್ತಿದ್ದರು, ಪ್ರಿನ್ಸಿಪಾಲರೂ ಇದ್ದರು. ಕೆ-೧೪ ಮೇಜಿನ ಮೇಲೆ ಕೆಂಪು ಮಖಮಲ್ಲಿನ ತುಂಡಿನ ಮೇಲಿತ್ತು. ಲೋಟ ಎತ್ತಲು ಬಂದ ದುರುಗಪ್ಪ ಕಲ್ಲನ್ನು ಪಕ್ಕಕ್ಕಿಡಲು ಹಿಡಿದವನು ಅದನ್ನು ಒಮ್ಮೆ ತೂಗಿದ. "ಸರ, ಇದು ಆ ಫಾರಿನ್ ಡಬ್ಬಿದು ಇದ್ದಂಗೈತ್ರಿ. ನಾನು ತೊಳೆದೀನಿ, ತೂಕ ಗೊತ್ತಾಗತೈತಿ. ಕರಿಗುಂಡಿ ಗುಲಾಬಿ ಕಲ್ಲು ಇಷ್ಟ್ ವಜ್ಜೆ ಇಲ್ಲ." ಮೆಲ್ಲಗೆ ಹೇಳಿದ್ದ. ಆದರೆ ಕಾಫಿ ಕುಡಿಯುವವರ ಸದ್ದು ಆ ಹೊತ್ತಿಗೇ ನಿಂತಿತ್ತು. "ಕೆಲಸ ಮಾಡೋದನ್ನ ಕಲಿ. ಕಲ್ಲು ಓದೋದನ್ನ ನಮಗ ಬಿಡು" ಎಂದು ಪಾಲಾಕ್ಷಪ್ಪ ಹೇಳಿದ. ಯಾರೋ ಒಬ್ಬರು ನಕ್ಕರು. ದುರುಗಪ್ಪ ಕಲ್ಲನ್ನು ಮಖಮಲ್ಲಿನ ಮೇಲೆ ಮೊದಲಿದ್ದ ಹಾಗೆಯೇ, ಮುಖ ಬೆಳಕಿಗೆ ಬರುವಂತೆ ತಿರುಗಿಸಿ ಇಟ್ಟು, ಲೋಟಗಳನ್ನು ತೆಗೆದುಕೊಂಡು ಹೋದ. ಮುಖ ಬೆಳಕಿಗೆ ಬರುವಂತೆ ಇಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಡಬ್ಬಿ ಬಂದದ್ದು ತೊಂಬತ್ತೊಂದರಲ್ಲಿ. ಗಣಿ ಕಂಪನಿಯೊಂದರಲ್ಲಿ ಮ್ಯಾನೇಜರಾಗಿದ್ದ ವೃದ್ಧರೊಬ್ಬರು ಊರು ಬಿಡುವಾಗ ತಮ್ಮಲ್ಲಿದ್ದ ಅರವತ್ತು ಪರದೇಶದ ಕಲ್ಲುಗಳನ್ನು ಕಾಲೇಜಿಗೆ ಕೊಟ್ಟರು. ಪ್ರತಿ ಕಲ್ಲಿನ ಕೆಳಗೆ ಮಸಿಯಲ್ಲಿ ಬರೆದ ಒಂದು ಚೀಟಿ, ಕಲ್ಲಿನ ಮೇಲೆ ಏನೂ ಇಲ್ಲ. ವಿಭಾಗದ ಕಲ್ಲುಗಳ ಪದ್ಧತಿ ಬೇರೆ. ಒಂದು ಮೂಲೆಗೆ ಬಿಳಿ ಬಣ್ಣದ ಬೊಟ್ಟು ಹಚ್ಚಿ, ಒಣಗಿದ ಮೇಲೆ ಕಪ್ಪು ಮಸಿಯಲ್ಲಿ ಸಂಖ್ಯೆ. ಆ ವರ್ಷದ ಮಹಾನವಮಿಗೆ ಆಯುಧಪೂಜೆ. ಕಬ್ಬಿಣದಂಗಡಿಯವರು ತಕ್ಕಡಿ ತೊಳೆದಂತೆ, ಲಾರಿಯವರು ಲಾರಿ ತೊಳೆದಂತೆ, ಭೂವಿಜ್ಞಾನ ವಿಭಾಗದಲ್ಲಿ ಕಲ್ಲುಗಳನ್ನು ತೊಳೆಯುತ್ತಿದ್ದರು. ದುರುಗಪ್ಪ ಎರಡು ದಿನ ಕೂತು ಹುಣಸೆಹಣ್ಣಿನ ನೀರಿನಲ್ಲಿ ಒಂದೊಂದನ್ನೇ ತಿಕ್ಕಿ, ಹಿತ್ತಲಿನ ಬಿಸಿಲಲ್ಲಿ ಪ್ರತಿ ಕಲ್ಲನ್ನೂ ಅದರದರ ಚೀಟಿಯ ಮೇಲೆಯೇ ಒಣಗಲು ಇಟ್ಟಿದ್ದ. ಸಾಲು ಸಾಲು. ಮಡಿಯುಟ್ಟು ವಿಭೂತಿ ಹಿಡಿದು ಬಂದ ಪಾಲಾಕ್ಷಪ್ಪನಿಗೆ ಅದು ಪೂಜೆಗೆ ಇಟ್ಟಂತೆ ಕಾಣಲಿಲ್ಲ, ಸಂತೆಯಲ್ಲಿ ಇಟ್ಟಂತೆ ಕಂಡಿತು. ಎಲ್ಲವನ್ನೂ ದೇವರ ಫೋಟೋದ ಮುಂದೆ ಗುಡ್ಡದ ಹಾಗೆ ಒಟ್ಟಿಡು ಎಂದ.

"ಸರ, ಚೀಟಿ ಮ್ಯಾಲ ಇರ್ಲಿ ಬಿಡ್ರಿ. ಕಲಸಿಹೋದ್ರ ಕಷ್ಟ."

"ದೇವರ ಮುಂದ ಹಾಜರಿ ಪಟ್ಟಿ ಹಿಡ್ಕೊಂಡು ಕುಂದ್ರತಾವೇನಲೇ ಕಲ್ಲು?"

ದುರುಗಪ್ಪ ದೂರ ಸರಿದು ನಿಂತ. ಪೂಜೆಯ ಹೊತ್ತಿಗೆ ಅವನು ಯಾವಾಗಲೂ ದೂರ ಸರಿದು ನಿಲ್ಲುತ್ತಿದ್ದ, ಆಚೆ ಹೋಗು ಎಂದು ಯಾರೂ ಹೇಳಬೇಕಿರಲಿಲ್ಲ. ಕಲ್ಲುಗಳನ್ನು ಒಟ್ಟಿದವನು ಪಾಲಾಕ್ಷಪ್ಪ. ಮೂರು ಬೆರಳಿನ ವಿಭೂತಿ ಎಳೆದವನು ಪಾಲಾಕ್ಷಪ್ಪ. ಮರುದಿನ ನೆನಪಿನ ಮೇಲೆ, ಬಣ್ಣ ನೋಡಿ, ಚೀಟಿಗಳನ್ನು ಜೋಡಿಸಿ ತಟ್ಟೆಗಳಲ್ಲಿ ಇಟ್ಟವನೂ ಅವನೇ. ಎರಡು ತಿಂಗಳ ನಂತರ ಕರಿಗುಂಡಿಯ ತಟ್ಟೆಯಲ್ಲಿ ಸಂಖ್ಯೆಯಿಲ್ಲದ ಒಂದು ಕೆಂಪು ಕಲ್ಲು ಕಂಡಾಗ, ತಟ್ಟೆಯಲ್ಲಿ ಕಾಣದಿದ್ದ ಕೆ-೧೪ ಇದೇ, ತೊಳೆಯುವಾಗ ಸಂಖ್ಯೆ ಅಳಿಸಿದೆ ಎಂದುಕೊಂಡು, ಬಿಳಿ ಬೊಟ್ಟು ಹಚ್ಚಿ ಆ ಸಂಖ್ಯೆಯನ್ನೇ ಬರೆದ. ಕುತೂಹಲಕ್ಕೆ ಅದರ ಒಂದು ಚೂರನ್ನು ಇದ್ದಿಲ ಮೇಲಿಟ್ಟು ಊದುಕೊಳವೆಯಿಂದ ಕಾಯಿಸಿದಾಗ ಬೆಳ್ಳುಳ್ಳಿಯ ವಾಸನೆ ಎದ್ದಿತು. ಆರ್ಸೆನಿಕ್. ಇಪ್ಪತ್ತೆರಡು ವರ್ಷ ಪಾಠ ಮಾಡಿ, ಬೇರೆಯವರ ಪುಸ್ತಕದಲ್ಲಿದ್ದುದನ್ನು ಬೋರ್ಡಿನ ಮೇಲೆ ಬರೆದು ಅಳಿಸಿ, ಒಂದು ಸಂಜೆ ಖಾಲಿ ಪ್ರಯೋಗಾಲಯದಲ್ಲಿ ಆ ವಾಸನೆ ಎದ್ದಾಗ ಅವನು ಇನ್ನೊಂದು ಚೂರು ಒಡೆದು ಮತ್ತೆ ಕಾಯಿಸಿದ್ದ. ಆ ಖುಷಿಯನ್ನು ಮಾತ್ರ ಅವನು ಇಂದಿಗೂ ತಪ್ಪೆಂದು ಒಪ್ಪಲಾರ.

"ಸರ್, ಇಲ್ಲಿಂದ ಎಡಕ್ಕಲ್ಲ?" ಎಂದು ಪುಷ್ಪಲತಾ ತಿರುಗಿ ಕೇಳಿದಳು. ಕೂಡ್ಲಿಗಿ ದಾಟಿ ಎಷ್ಟೋ ಹೊತ್ತಾಗಿತ್ತು. ಎಡಕ್ಕೆ ಹೌದು ಎಂದು ಅವನು ಹೇಳುವ ಮೊದಲೇ ದುರುಗಪ್ಪ ಕೈ ತೋರಿಸಿದ್ದ.

ಕರಿಗುಂಡಿ ಎಂದರೆ ಬಹಳ ಹಿಂದೆ ಬಿಟ್ಟ ಮ್ಯಾಂಗನೀಸ್ ಗಣಿ. ಕುರುಚಲು ಗುಡ್ಡದ ಪಕ್ಕೆಯಲ್ಲಿ ಅಗೆದ ಆಳವಲ್ಲದ ಕುಣಿ, ಅದರ ಬಾಯಿಗೆ ಕರಿ ಕಲ್ಲಿನ ಕಸದ ರಾಶಿ. ಮುಟ್ಟಿದರೆ ಕೈ ಮಸಿಯಾಗುತ್ತದೆ. ಡಿಸೆಂಬರಿನ ಬಿಸಿಲು ಚುರುಕಾಗಿರಲಿಲ್ಲ, ಆದರೂ ಕರಿ ರಾಶಿ ಅಷ್ಟಕ್ಕೇ ಕಾದಿತ್ತು. ಯರ್ರೆಪ್ಪ ಜೀಪಿನಿಂದ ಇಳಿದು ಸುತ್ತಲೂ ನೋಡಿದ.

"ಇಲ್ಲೇನ್ ಬಂಗಾರ ಐತೇನ್ರಿ?"

"ಬಂಗಾರ ಇದ್ದಿದ್ರ ನಿನ್ನ ಜೀಪಿನಾಗ ಯಾಕ ಬರ್ತಿದ್ವಲೇ" ಎಂದು ದುರುಗಪ್ಪ ಹೇಳಿದ. ಯರ್ರೆಪ್ಪ ತುಗ್ಗಲಿ ಮರ ಹುಡುಕಿ ಅದರ ನೆರಳಿನಲ್ಲಿ ಟವೆಲ್ಲು ಹಾಸಿ ಮಲಗಿದ.

ಪುಷ್ಪಲತಾ ಕೆಲಸ ಮಾಡುವುದನ್ನು ಪಾಲಾಕ್ಷಪ್ಪ ಒಂದು ಬಂಡೆಯ ಮೇಲೆ ಕೂತು ನೋಡಿದ. ಕುಣಿಯ ಗೋಡೆಯನ್ನು ಅವಳು ಮೊಳ ಮೊಳವಾಗಿ ನೋಡುತ್ತ, ಅಲ್ಲಲ್ಲಿ ಒಡೆದು, ಮಸೂರ ಕಣ್ಣಿಗೆ ಹಿಡಿದು, ಬರೆದುಕೊಳ್ಳುತ್ತ ಹೋದಳು. ಅವಳ ಹಿಂದೆ ದುರುಗಪ್ಪ ರಾಶಿಯನ್ನು ಕಾಲಲ್ಲಿ ಕೆದರಿ, ಬೇಕೆನಿಸಿದ್ದನ್ನು ಎತ್ತಿ ತೂಗಿ, ಬೇಡವಾದದ್ದನ್ನು ಅದರ ಜಾಗಕ್ಕೇ ಇಡುತ್ತಿದ್ದ. ಇವನು ಎಸೆಯುವುದಿಲ್ಲ, ಇಡುತ್ತಾನೆ. ಟಿಪ್ಪಣಿ ಅಚ್ಚಾದ ಮೇಲೆ ತಾನು ಹನ್ನೊಂದು ಸಲ ಇಲ್ಲಿಗೆ ಬಂದು ಎರಡನೆಯ ಒಂದು ಚೂರಿಗಾಗಿ ಹುಡುಕಿದ್ದು, ಪ್ರತಿ ಸಲವೂ ಒಬ್ಬನೇ ಬಂದದ್ದು ಪಾಲಾಕ್ಷಪ್ಪನಿಗೆ ನೆನಪಾಯಿತು. ದುರುಗಪ್ಪನನ್ನು ಕರೆತಂದಿದ್ದರೆ ಮೊದಲ ಸಲವೇ ತಿಳಿಯುತ್ತಿತ್ತು. ಕರೆತರದೆ ಇದ್ದದ್ದು ಅದಕ್ಕೇ ಇರಬೇಕು. ತೊಂಬತ್ನಾಲ್ಕರ ಜುಲೈ ಮೊದಲಲ್ಲಿ ಕಪಾಟುಗಳಿಗೆ ಬಣ್ಣ ಹೊಡೆಸುವಾಗ ಫಾರಿನ್ ಡಬ್ಬಿಯನ್ನು ತಾನೇ ಇಳಿಸಿದ. ಲೋಂಗ್‌ಬಾನ್, ಸಾರ್ಕಿನೈಟ್ ಎಂದು ಬರೆದ ಚೀಟಿಯ ಮೇಲೆ ಒಂದು ಗುಲಾಬಿ ರೋಡೊನೈಟ್ ಕಲ್ಲು ಕೂತಿತ್ತು, ಇಲ್ಲಿನ ರಾಶಿಯಲ್ಲಿ ಕೈಗೆ ಸಿಗುವಂಥದ್ದು. ತಿರುಗಿಸಿದರೆ ಮೂಲೆಯಲ್ಲಿ ಮಾಸಿದ ಬಿಳಿ ಬೊಟ್ಟು, ತನ್ನದೇ ಅಕ್ಷರದಲ್ಲಿ ಕೆ-೧೪. ಬಾಗಿಲಲ್ಲಿ ಬಣ್ಣದ ಡಬ್ಬ ಹಿಡಿದು ದುರುಗಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಏನೂ ಅನ್ನಲಿಲ್ಲ. ಪಾಲಾಕ್ಷಪ್ಪ ಆ ರಾತ್ರಿಯೆಲ್ಲ ಅವನು ಅನ್ನಬಹುದಾದ ಮಾತುಗಳನ್ನು ತಾನೇ ಅಂದುಕೊಂಡ. ಮರುದಿನ ಬ್ಲೇಡಿನಿಂದ ಹಳೆಯ ಬೊಟ್ಟನ್ನು ಕೆರೆದು, ಚೀಟಿಯನ್ನು ಜೇಬಿಗಿಟ್ಟುಕೊಂಡ. ಮುಂದಿನ ವಾರ ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆದ: ಅಟೆಂಡರ್ ದುರುಗಪ್ಪ ವಿಭಾಗದ ನಮೂನೆಗಳನ್ನು ಅಜಾಗರೂಕತೆಯಿಂದ ನಿರ್ವಹಿಸುತ್ತಿರುವುದು ಕಂಡುಬಂದಿದೆ, ಬೇರೆ ಕೆಲಸಕ್ಕೆ ನಿಯೋಜಿಸಬಹುದು. ಅಜಾಗರೂಕತೆ ಎಂಬ ಶಬ್ದ ಸೇವಾ ಪುಸ್ತಕಕ್ಕೆ ಹತ್ತಿತು. ಮರುವರ್ಷ ಪ್ರಯೋಗಾಲಯ ಸಹಾಯಕನ ಹುದ್ದೆ ತೆರೆದಾಗ, ಹದಿನೇಳು ವರ್ಷ ಕಲ್ಲು ತೊಳೆದವನನ್ನು ಬಿಟ್ಟು ಬೇರೊಬ್ಬನಿಗೆ ಹೋಯಿತು. ಕಾಗದ ಬರೆದ ದಿನ ಪಾಲಾಕ್ಷಪ್ಪನಿಗೆ ಚೆನ್ನಾಗಿ ನಿದ್ದೆ ಬಂದಿತ್ತು. ಆ ವಿಷಯ ಅವನನ್ನು ಆಮೇಲೆ ಕಾಡಿದಷ್ಟು ಕಾಗದ ಕಾಡಲಿಲ್ಲ.

ಒಂದೂವರೆಗೆ ಅವರು ಊಟಕ್ಕೆ ಕೂತರು. ದುರುಗಪ್ಪ ತನ್ನ ಬುತ್ತಿಯನ್ನು ತುಸು ದೂರದಲ್ಲಿ ಬಿಚ್ಚಿದ. ಪುಷ್ಪಲತಾ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತು, ಮಂಡಕ್ಕಿಯ ಪೊಟ್ಟಣವನ್ನು ಮೂವರ ನಡುವೆ ಬರುವಂತೆ ಇಟ್ಟಳು. ಪಾಲಾಕ್ಷಪ್ಪನೂ ಬಂಡೆ ಬಿಟ್ಟು ಇಳಿಯಬೇಕಾಯಿತು. ತಿಂದಾದ ಮೇಲೆ ಅವಳು ಕೆ-೧೪ ಅನ್ನು ಬಟ್ಟೆಯಿಂದ ಬಿಚ್ಚಿ ಬಹಳ ಹೊತ್ತು ನೋಡಿದಳು. ಆಮೇಲೆ ನೋಡುವುದನ್ನು ನಿಲ್ಲಿಸದೆಯೇ ಮಾತಾಡಿದಳು.

"ಸರ್, ಸಿಟ್ಟಾಗಬ್ಯಾಡ್ರಿ. ಟಿಪ್ಪಣಿ ಬರೆಯೋವಾಗ ನೀವು ಪರೀಕ್ಷೆಗೆ ಕಳಿಸಿದ ಅರ್ಧ ತುಂಡು ನಮ್ಮ ಪ್ರಯೋಗಾಲಯದಾಗೆ ಐತೆ. ಅದರ ಪಕ್ಕಕ್ಕೆ ಲೋಂಗ್‌ಬಾನಿನ ಒಂದು ತುಂಡು ಇಟ್ಟು ನೋಡಿದೆ. ಒಂದೇ ಅವ್ವನ ಮಕ್ಕಳಿದ್ದಂಗದಾವೆ. ಇದರೊಳಗೆ ಬಿಳಿ ಬೆರೈಟ್ ಐತೆ ನೋಡ್ರಿ. ಈ ಗುಡ್ಡದಾಗೆ ನಾನು ಬೆಳಗಿಂದ ಹುಡುಕಿದೆ, ಬೆರೈಟ್ ಅನ್ನೋದೇ ಇಲ್ಲ. ಆರ್ಸೆನಿಕ್ಕೂ ಇರೋ ಲಕ್ಷಣ ಇಲ್ಲ."

ಅವಳು ದನಿ ಇನ್ನಷ್ಟು ತಗ್ಗಿಸಿದಳು. ಅವಳ ಮುಖದಲ್ಲಿದ್ದದ್ದು ಅನುಮಾನವಲ್ಲ, ಕರುಣೆ. ಅದನ್ನು ಕಂಡಾಗ ಪಾಲಾಕ್ಷಪ್ಪನಿಗೆ ಮೊದಲ ಸಲ ಸಿಟ್ಟು ಬಂತು.

"ಮ್ಯೂಸಿಯಮ್ಮುಗಳಲ್ಲಿ ಇದು ಆಗ್ತಾನೇ ಇರ್ತೈತೆ ಸರ್. ಕಲ್ಲು, ಚೀಟಿ ಅದಲುಬದಲು. ನಮ್ಮ ಕಾಲದಾಗೂ ಆಯುಧಪೂಜೆಗೆ ಕಲ್ಲು ತೊಳೀತಿದ್ರಲ್ಲ. ತೊಳೆಯೋವಾಗ ದುರುಗಣ್ಣನ ಕೈಯಾಗೆ ಏನಾದ್ರೂ..." ಎಂದು ದುರುಗಪ್ಪನ ಕಡೆ ನೋಡಿ, "ಬೇಜಾರು ಮಾಡ್ಕೋಬ್ಯಾಡ ಅಣ್ಣ, ತಪ್ಪು ಅಂತಲ್ಲ" ಎಂದಳು.

ದುರುಗಪ್ಪ ಬುತ್ತಿಯ ಬಟ್ಟೆಯನ್ನು ಕೊಡವಿ ನಾಲ್ಕು ಮಡಿಕೆ ಮಾಡಿದ. "ಇರಬಹುದವ್ವಾ" ಎಂದ. "ತೊಳೆದಾಂವ ನಾನ. ಹಂಗ ಬರ್ಕೊಳ್ರಿ. ಹೆಂಗೂ ಬುಕ್ಕಿನಾಗ ಅದನ್ನ ಬರದಾರ."

"ಯಾವ ಬುಕ್ಕು?"

"ಇರ್ಲಿ ಬಿಡ್ರಿ."

ಅಷ್ಟು ಸುಲಭವಾಗಿ ಹೇಳಿದ. ಕಸ ಗುಡಿಸಬೇಕಾದ ಜಾಗವನ್ನು ಯಾರೋ ತೋರಿಸಿದರೆ, ಆಯ್ತು ಗುಡಿಸುತ್ತೇನೆ ಎನ್ನುವಷ್ಟು ಸುಲಭವಾಗಿ. ಪುಷ್ಪಲತಾ ಪೆನ್ನು ತೆಗೆದು ವಹಿಯಲ್ಲಿ ಬರೆಯತೊಡಗಿದ್ದಳು. ಸಹಾಯಕ ಸಿಬ್ಬಂದಿಯ ಕೈಯಲ್ಲಿ ಎಂಬಷ್ಟು ಕಂಡಿತು. ಪಾಲಾಕ್ಷಪ್ಪನಿಗೆ ಬಿಡುಗಡೆ ಇಷ್ಟೇ ದೂರದಲ್ಲಿತ್ತು, ಒಂದು ವಾಕ್ಯದ ದೂರ. ಅವನು ಸುಮ್ಮನಿದ್ದರೆ ಸಾಕು, ವಾಕ್ಯ ತಾನಾಗಿ ಮುಗಿಯುತ್ತಿತ್ತು. ತಾನು ಬಾಯಿ ತೆರೆದದ್ದು ಒಳ್ಳೆಯತನದಿಂದಲ್ಲ ಎಂದು ಅವನಿಗೆ ಆಗಲೂ ಗೊತ್ತಿತ್ತು. ಅವಳ ಮುಖದ ಆ ಕರುಣೆಯನ್ನು ತಡೆಯಲಾಗಲಿಲ್ಲ, ಅಷ್ಟೆ.

"ಹಂಗ ಬರೀಬ್ಯಾಡ" ಎಂದ. "ತೊಳೆದದ್ದು ಅವನು. ಚೀಟಿ ಮ್ಯಾಲೇ ಒಣಗಾಕ ಇಟ್ಟಿದ್ದ. ತೆಗೆದು ಒಟ್ಟಿದಾಂವ ನಾನು. ಚೀಟಿ ತಪ್ಪು ಇಟ್ಟಾಂವ ನಾನು. ಸಂಖ್ಯೆ ಇಲ್ಲದ ಕಲ್ಲಿಗೆ ಸಂಖ್ಯೆ ಬರೆದಾಂವ ನಾನು. ತೊಂಬತ್ನಾಲ್ಕರಾಗ ಗೊತ್ತಾತು. ಗೊತ್ತಾದ ಮ್ಯಾಲೆ ಬರೀಲಿಲ್ಲ."

ಅವಳು ಬರೆದದ್ದನ್ನು ಹೊಡೆದು ಹಾಕಿ ಹೊಸದಾಗಿ ಬರೆದಳು. ಅವನು ಹೇಳಿದ ವರ್ಷ, ಅವನು ಹೇಳಿದ ಕ್ರಮ. ಬರೆದದ್ದನ್ನು ಓದಿ ಹೇಳಿದಳು. ಕರಿಗುಂಡಿ ಪಟ್ಟಿಯಿಂದ ಹೋಗುತ್ತದೆ, ಕೂಡ್ಲಿಗಿಯ ಹೆಸರೂ ಹೋಗುತ್ತದೆ. ಕೆಳಗೆ ಅವನು ಸಹಿ ಹಾಕಿದ. ಸಹಿ ಎಂದಿನಂತೆಯೇ ಬಂತು, ಎಲ್ಲೂ ಅಲುಗಲಿಲ್ಲ. ಪುಷ್ಪಲತಾ ವಹಿ ಮುಚ್ಚಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ಇದನ್ನ ಹೇಳಾಕೆ ಎಷ್ಟು ಧೈರ್ಯ ಬೇಕು ಸರ್. ನಮ್ಮ ಕಡೆ ದೊಡ್ಡ ದೊಡ್ಡೋರೇ ಹೇಳಲ್ಲ."

ಅವನ ಎದೆಯಲ್ಲಿ ಏನೋ ಹಗುರವಾಯಿತು. ಹಗುರವಾದದ್ದನ್ನು ಅವನು ಅನುಭವಿಸಿದ ಕೂಡ, ಎರಡು ಮೂರು ಉಸಿರಿನಷ್ಟು ಹೊತ್ತು. ನಾಲ್ಕು ವರ್ಷ ಹೊತ್ತದ್ದು ಇಷ್ಟೇನೇ? ಅವಳ ಕಣ್ಣಲ್ಲಿ ಅವನು ಮೊದಲಿಗಿಂತ ಎತ್ತರವಾಗಿದ್ದ, ಕಲ್ಲು ಸಿಕ್ಕಾಗ ಇದ್ದದ್ದಕ್ಕಿಂತ. ಕಲ್ಲು ಸುಳ್ಳಾದರೂ ತನಗೆ ಇನ್ನೊಂದು ಶಾಲು ಸಿಕ್ಕಿತಲ್ಲ ಎಂದು ಹೊಳೆದು, ಆ ಯೋಚನೆಯನ್ನು ಅವನು ಕಣ್ಣೆತ್ತಿ ಗುಡ್ಡದ ಕಡೆಗೆ ಕಳಿಸಿದ. ಹೊರಡೋಣ ಎಂದು ಏಳಲು ಹೋದಾಗ ದುರುಗಪ್ಪ ಕೂತಲ್ಲಿಂದಲೇ ಹೇಳಿದ.

"ಸರ, ಇನ್ನೊಂದು ಐತಲ್ರಿ."

"ಏನದು?"

"ನನ್ನ ಬುಕ್ಕಿನಾಗ ಬರದದ್ದು. ಅಜಾಗರೂಕತೆ ಅಂತ. ಮೇ ತಿಂಗಳು ನಾನು ಹೋಗ್ತೀನಿ. ಅದನ್ನ ತಗಸ್ತೀರೇನು?"

ಪುಷ್ಪಲತಾ ಕನ್ನಡಕ ಹಾಕಿಕೊಂಡು ಇಬ್ಬರನ್ನೂ ನೋಡಿದಳು. "ಅಜಾಗರೂಕತೆ? ದುರುಗಣ್ಣಂದಾ?" ಅವಳು ಮತ್ತೇನೂ ಕೇಳಲಿಲ್ಲ, ಆದರೆ ಅವಳು ವರ್ಷಗಳನ್ನು ಕೂಡಿಸುತ್ತಿದ್ದಾಳೆ ಎಂಬುದು ಪಾಲಾಕ್ಷಪ್ಪನಿಗೆ ಕಂಡಿತು. ಕಲ್ಲಿನೊಳಗಿನ ಬೆರೈಟನ್ನು ಅವಳು ಹೇಗೆ ಕಂಡಳೋ ಹಾಗೆ. ಅವನ ಬಾಯಿಂದ ಕಾಲೇಜಿನ ಕಾರಿಡಾರಿನಲ್ಲಿ ಹಾಜರಿ ಕೇಳಲು ಬಂದ ಹುಡುಗರಿಗೆ ಹೇಳುವ ಮಾತು, ಅದೇ ದನಿಯಲ್ಲಿ, ಹೊರಬಂತು.

"ನೋಡೋಣ ದುರುಗಪ್ಪ. ಸೋಮವಾರ ಪ್ರಿನ್ಸಿಪಾಲರ ಹತ್ರ ಮಾತಾಡಿ..."

"ನಿಮ್ಮ ನೋಡೋಣ ನನಗ ಗೊತ್ತೈತ್ರಿ ಸರ. ಇಪ್ಪತ್ತೊಂದು ವರ್ಷ ಕೇಳೀನಿ." ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಸಣ್ಣ ನಗೆಯೂ ಇತ್ತು. "ಈಗ ಒಂದು ಕಾಗದಕ್ಕ ಸಹಿ ಹಾಕಿದ್ರಿ. ಕೈ ಇನ್ನಾ ಬಿಸಿ ಐತಿ. ಅಮ್ಮಾರ ಹತ್ರ ಹಾಳಿ ಐತಿ. ಇಲ್ಲೇ ಬರೀರಿ."

ಹೆಂಗಸಿನ ಮುಂದೆ, ಶಿಷ್ಯೆಯ ಮುಂದೆ, ಅಟೆಂಡರು ಹೇಳಿ ಬರೆಸುವುದು. ಸುಡುವ ಕರಿ ರಾಶಿಯ ಪಕ್ಕದಲ್ಲಿ ಪಾಲಾಕ್ಷಪ್ಪ ಒಂದು ಕ್ಷಣ ನಿಜವಾಗಿಯೂ ಹೊರಟುಬಿಡುವ ಯೋಚನೆ ಮಾಡಿದ. ಎಲ್ಲಿಗೆ ಎಂಬುದು ಹೊಳೆಯಲಿಲ್ಲ, ಜೀಪಿನವನು ಮಲಗಿದ್ದ. ಪುಷ್ಪಲತಾ ವಹಿಯಿಂದ ಒಂದು ಹಾಳೆ ಹರಿದು, ಅದರ ಕೆಳಗೆ ಇಟ್ಟುಕೊಳ್ಳಲು ವಹಿಯನ್ನೂ ಕೊಟ್ಟು, ತುಸು ಆಚೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಆ ಬೆನ್ನಿನಲ್ಲಿ ಈಗ ಕರುಣೆಯೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ಅವಳು ಕಾಯುತ್ತಿದ್ದಳು, ಅಷ್ಟೆ.

ಅವನು ತೊಡೆಯ ಮೇಲೆ ವಹಿಯಿಟ್ಟು ಬರೆದ. ಇವರಿಗೆ, ಪ್ರಾಂಶುಪಾಲರು. ವಿಷಯ ಎಂದು ಬರೆದು ನಿಂತ. ಕಲ್ಲಿನ ಬಗ್ಗೆ ವಾಕ್ಯಗಳು ಸಾಲಾಗಿ ಬಂದಿದ್ದವು. ಇಲ್ಲಿ ಮೊದಲ ಶಬ್ದಕ್ಕೇ ಪೆನ್ನು ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟುಕೊಂಡು ಕೂತಿತು. ಖನಿಜದ ತಪ್ಪಿಗೆ ಒಂದು ಶಿಸ್ತಿತ್ತು, ಶಾಸ್ತ್ರವಿತ್ತು, ಮೆಚ್ಚುವವರಿದ್ದರು. ಇದಕ್ಕೆ ಯಾವ ಪತ್ರಿಕೆಯೂ ಜಾಗ ಕೊಡುವುದಿಲ್ಲ. ದುರುಗಪ್ಪ ಅವಸರ ಮಾಡಲಿಲ್ಲ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆ-೧೪ ಅನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಿದ್ದ. ಕೊನೆಗೆ ಪಾಲಾಕ್ಷಪ್ಪ ಬರೆದ: ದಿನಾಂಕ ೧೧-೭-೧೯೯೪ರ ನನ್ನ ಪತ್ರದಲ್ಲಿ ಅಟೆಂಡರ್ ಶ್ರೀ ದುರುಗಪ್ಪನವರ ಬಗ್ಗೆ ಬರೆದದ್ದು ಸುಳ್ಳು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ತಿಳಿದಿತ್ತು. ಅಜಾಗರೂಕತೆ ನನ್ನದು. ಅದನ್ನು ಬಲ್ಲ ಇನ್ನೊಬ್ಬರು ಅವರು ಎಂಬ ಕಾರಣಕ್ಕೆ ಅವರನ್ನು ವಿಭಾಗದಿಂದ ತೆಗೆಸಿದೆ. ಸೇವಾ ಪುಸ್ತಕದ ಆ ನಮೂದನ್ನು ರದ್ದುಪಡಿಸಬೇಕು.

ಈ ಸಲ ಸಹಿ ಅಲುಗಿತು. ಹಾಳೆಯನ್ನು ಚಾಚಿದ. ದುರುಗಪ್ಪ ಕೈಯ ಮಸಿಯನ್ನು ಪಂಚೆಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡ. ಅವನು ಓದುವುದು ನಿಧಾನ. ಬೆರಳನ್ನು ಅಕ್ಷರದ ಕೆಳಗೆ, ಮುಟ್ಟದೆ, ಒಂದು ನೂಲಿನ ಅಂತರದಲ್ಲಿ ಸರಿಸುತ್ತ ತುಟಿಯಾಡಿಸಿ ಓದಿದ. ಸುಳ್ಳು ಎಂಬಲ್ಲಿ ಬೆರಳು ನಿಲ್ಲಲಿಲ್ಲ. ಶ್ರೀ ಎಂಬಲ್ಲಿ ನಿಂತು, ಹಿಂದೆ ಹೋಗಿ, ಮತ್ತೊಮ್ಮೆ ಅದನ್ನು ದಾಟಿತು. ಪಾಲಾಕ್ಷಪ್ಪ ಅವನ ಮುಖವನ್ನು ನೋಡುತ್ತ ಕೂತ. ಏನಾದರೂ ಒಂದು ಮಾತು, ಬೈಗುಳವಾದರೂ ಸರಿ, ಬಂದರೆ ಈ ದಿನ ಮುಗಿಯುತ್ತದೆ ಎಂದು ಅನ್ನಿಸುತ್ತಿತ್ತು. ಕೊನೆಯವರೆಗೂ ಓದಿದ ದುರುಗಪ್ಪ ಹಾಳೆಯನ್ನು ಮಡಿಸದೆ ಹಿಂದಕ್ಕೆ ಕೊಟ್ಟ.

"ತಾರೀಖು ಹಾಕಿಲ್ರಿ."

"ಇವತ್ತಿಂದ ಹಾಕ್ಲೇನು?"

"ಇವತ್ತಿಂದ ಹಾಕ್ರಿ" ಎಂದ ದುರುಗಪ್ಪ. "ಹಿಂದಿಂದು ಹಾಕಿದ್ರ ಯಾರೂ ನಂಬಾಂಗಿಲ್ಲ."

ಪಾಲಾಕ್ಷಪ್ಪ ೧೨-೧೨-೧೯೯೮ ಎಂದು ಬರೆದ.